ಮೊದಲು ಕಾಲುಚೀಲ

ಪಿನ್ಯಾ, ಮೊದಲು ಕಾಲುಚೀಲ ನೋಡಿಕೋ.
ಇಸ್ಪೀಟೆಲೆ, ರೇಷ್ಮೆ ಕರವಸ್ತ್ರ, ಹುಸಿತಳದ ಡಬ್ಬಿ
ಎಲ್ಲ ಆಮೇಲೆ.
ನಮ್ಮ ಕೆಮಿ ಊರಲ್ಲಿ ಯಾರ ಮನೆಗೆ ಹೋದರೂ
ಬೂಟು ಬಾಗಿಲಲ್ಲೇ ಬಿಡಬೇಕು,
ಮಾಂತ್ರಿಕನಾದರೂ ಬಿಡಬೇಕು.
ಮೇಲೆ ಕರಿಕೋಟು, ಎತ್ತರದ ಟೊಪ್ಪಿಗೆ,
ಕೆಳಗೆ ಹೆಬ್ಬೆರಳು ಇಣುಕುವ ಉಣ್ಣೆಯ ಚೀಲ:
ನನ್ನ ಮೊದಲ ಆಟದಲ್ಲಿ
ಪಾರಿವಾಳ ಸೂರಿಗೆ ಹಾರಿತು,
ಹದಿನಾಲ್ಕು ಮಕ್ಕಳೂ ಬೆರಳನ್ನೇ ನೋಡಿದರು.

ನೆಲದ ಮೇಲೆ ಕೂತವರ ಕಣ್ಣು ಇನ್ನೆಲ್ಲಿರುತ್ತದೆ?
ನೀನು ಕನ್ನಡಿಯೆದುರು ನಿಂತು ಕಲಿತವಳು,
ಅದು ನಿನ್ನಷ್ಟೇ ಎತ್ತರ.
ಕಳಚು, ಗೋಡೆಗೊರಗಿಸಿ ನೆಲಕ್ಕಿಡು.
ಅಂಗೈಯಲ್ಲಿ ಅವಿತ ನಾಣ್ಯ ಅಲ್ಲಿಂದ
ಹುಣ್ಣಿಮೆಯಷ್ಟು ಸ್ಪಷ್ಟ.

ಮಧ್ಯಾಹ್ನ ಮೂರಕ್ಕೇ ಕತ್ತಲು, ಹೊರಗೆ ಮೂಳೆ ಕೊರೆಯುವ ಚಳಿ.
ಒಣಗಿದ ಕೈಯಿಂದ ಎಲೆಗಳು ಮಂಜುಗಡ್ಡೆಯಂತೆ ಜಾರುತ್ತವೆ.
ಹೋದೊಡನೆ ಕಾಫಿ ಕೊಡುತ್ತಾರೆ,
ಕುಡಿಯುವ ಆತುರ ಬೇಡ, ಬಟ್ಟಲು ಹಿಡಿದೇ ಇರು
ಬೆರಳಿಗೆ ಬುದ್ಧಿ ಬರುವ ತನಕ.

ಮತ್ತೆ ಮೌನ. ಅದಕ್ಕೆ ಹೆದರಬೇಡ.
ಇಲ್ಲಿನ ಮಕ್ಕಳು ಚಪ್ಪಾಳೆಯಲ್ಲಿ ಜಿಪುಣರು.
ಸೋತೆನೆಂದುಕೊಂಡು ನೀನು ಮಾತು ಸುರಿಯುತ್ತೀ,
ಕಳೆದ ವಾರ ಸುರಿದೆ, ಬಾಗಿಲ ಸಂದಿಯಿಂದ ನೋಡಿದ್ದೇನೆ.
ಬಾಯಿಗಳನ್ನು ಗಮನಿಸು.
ಅರೆ ತೆರೆದಿದ್ದರೆ ಸುಮ್ಮನಿರು,
ಒಳಗೇನೋ ಹೋಗುತ್ತಿದೆ.

"ತೋಳಿನೊಳಗಿದೆ!" ಎನ್ನುವವನು ಎಲ್ಲ ಮನೆಯಲ್ಲೂ ಒಬ್ಬ.
ಏಳು ವರ್ಷ, ಮುಂದಿನ ಹಲ್ಲಿಲ್ಲ, ಹೇಳುವುದು ಸತ್ಯ.
ಅವನನ್ನು ಗೆಲ್ಲಲು ಹೋಗಬೇಡ.
ಹತ್ತಿರ ಕರೆ, ಪುಟ್ಟ ಪೆಟ್ಟಿಗೆಯೊಂದು ಕೊಡು,
ಅಲುಗಿಸಬೇಡ ಎಂದು ಕಿವಿಯಲ್ಲಿ ಹೇಳು.
ಒಳಗೆ ಏನೂ ಇರುವುದಿಲ್ಲ.
ಆ ಏನೂ ಇಲ್ಲದ್ದನ್ನು ಅವನು
ಅರ್ಧ ಗಂಟೆ ಉಸಿರು ಬಿಗಿಹಿಡಿದು ಕಾಯುತ್ತಾನೆ.

ಕಿವಿಯಿಂದ ನಾಣ್ಯ ತೆಗೆಯುವ ಮುನ್ನ ಕೇಳು.
ಕಿವಿ ಅವರದು.

ಬಲೂನು ಲೆಕ್ಕ ಹಾಕುವಾಗ
ಬಾಗಿಲ ಮರೆಯ ತಮ್ಮನನ್ನೂ ಸೇರಿಸು,
ಹೆಚ್ಚಿಗೆ ಎರಡು, ನೀಲಿ.
ಎಲ್ಲರಿಗೂ ನೀಲಿಯೇ ಬೇಕು, ಯಾಕೋ ಗೊತ್ತಿಲ್ಲ.

ನನ್ನ ಎಡಗೈ ನೀನು ನೋಡಿದ್ದೀ, ಕೇಳಿಲ್ಲ.
ಕಿರುಬೆರಳು ಕಾಗದದ ಗಿರಣಿಯ ಉರುಳೆಗೆ ಹೋಯಿತು,
ಆಗ ನನಗೆ ನಿನ್ನದೇ ವಯಸ್ಸು.
ಮಕ್ಕಳು ಕೇಳದೆ ಬಿಡುವುದಿಲ್ಲ.
ಇಲಿ ತಿಂದಿತು, ಟೊಪ್ಪಿಗೆಯಲ್ಲಿ ಮಲಗಿದೆ, ರಜಕ್ಕೆ ಹೋಗಿದೆ,
ನಲವತ್ತು ವರ್ಷ ಇಂಥವೇ ನನ್ನ ಜವಾಬು.
ಹಿಲ್ಲಾ ಅಂತ ಒಬ್ಬಳು, ಕಾಯಿಲೆಯಿಂದ ಎದ್ದವಳು,
ತಲೆಗೂದಲು ಆಗಷ್ಟೇ ಚಿಗುರುತ್ತಿತ್ತು,
"ನಾಣ್ಯ ಕಳೆದು ಮತ್ತೆ ತಂದೆಯಲ್ಲ, ಬೆರಳು ತಾ" ಅಂದಳು.
ಅಂದು ಇಲಿ ಬಾಯಿಗೆ ಬರಲಿಲ್ಲ.
"ಬೆರಳು ಮಾಯವಾಯಿತು, ಗಾಯ ಮಾಯಿತು,
ಅಷ್ಟೇ ಮಗೂ. ತರುವ ವಿದ್ಯೆ ನನಗೆ ಬರದು."
ಅವಳು ಯೋಚಿಸಿದಳು.
ಮುಚ್ಚಿದ ಮುಷ್ಟಿ ಬಿಡಿಸಿದಳು:
ನಾನು ಒಂದೇ ಕೊಟ್ಟಿದ್ದ ಕೆಂಪು ಚೆಂಡು, ಈಗ ಎರಡು.
"ಹಾಗಾದರೆ ಇದು ನಿಜ" ಅಂದಳು.

ಅದನ್ನು ಕಲಿಸಲು ನನಗೆ ಬರುವುದಿಲ್ಲ ಪಿನ್ಯಾ.
ಕೇಕು ಕೊಟ್ಟರೆ ಪೂರ್ತಿ ತಿನ್ನು.
ದುಡ್ಡನ್ನು ಮಕ್ಕಳೆದುರು ಎಣಿಸಬೇಡ.
ಹೊರಗೆ ಬಂದು ಕಾರಿನ ಗಾಜಿನ ಹಿಮ ಕೆರೆಯುವಾಗಲೂ
ಟೊಪ್ಪಿಗೆ ತಲೆಯ ಮೇಲಿರಲಿ.
ಮಹಡಿಯ ಕಿಟಕಿಯಲ್ಲಿ ಗಾಜಿಗೊತ್ತಿದ ಮೂಗೊಂದು ಇರುತ್ತದೆ.
ಕಾರು ಸ್ಟಾರ್ಟ್ ಆಗದಿದ್ದರೆ, ಆಗುವುದಿಲ್ಲ, ನನಗೆ ಗೊತ್ತು,
ಕೆಳಗಿಳಿ, ಬಾನೆಟ್ಟಿನ ಮೇಲೆ ಮೂರು ಸಲ ಕೈಯಾಡಿಸು,
ಮೂಗಿನ ಕಡೆ ತಿರುಗಿ
ಮೆಲ್ಲಗೆ ಬಾಗು.