ಸಿಂಬೆ

ಗೆರೆಯಾಚೆ ಕಬ್ಬಿಣ ತರುವಂತಿಲ್ಲ ಎಂದೆ.
ಕಳಚಿ ಅಜ್ಜಿಯ ಮಡಿಲಿಗಿಟ್ಟಳು ನೆಲ್ ಹಾವರ್ತ್,
ವಯಸ್ಸು ಹತ್ತೂವರೆ,
ಮರದ ಅಟ್ಟೆಯ ಕ್ಲಾಗುಗಳನ್ನು. ಅಡಿಯಲ್ಲಿ
ಎತ್ತಿನ ಗೊರಸಿಗೆ ಹೊಡೆದ ಹಾಗೆ ಲಾಳ.
ಬರ್ನ್ಲಿಯ ಹೆಂಗಸರು ಮಗ್ಗದ ಸದ್ದಿಗೆ
ಕಾಲಲ್ಲೇ ಉತ್ತರ ಕೊಡುತ್ತಿದ್ದರಂತೆ, ಮಿಲ್ಲಿನ ಒದ್ದೆ ನೆಲದ ಮೇಲೆ.
ಮಿಲ್ಲು ಹೋಗಿ ಫ್ಲ್ಯಾಟುಗಳಾದವು, ಕುಣಿತ ಉಳಿಯಿತು:
ಶನಿವಾರ ಹತ್ತಕ್ಕೆ, ಚರ್ಚ್ ಹಾಲಿನಲ್ಲಿ, ತಲೆಗೆ ನಾಲ್ಕು ಪೌಂಡು.

"ಎಡಗಾಲು ಲಟಕ್ ಅನ್ನುತ್ತೆ" ಅಂದಳು ಅಜ್ಜಿ ಡೋರೀನ್,
"ಬಗ್ಗಿಸಿದಾಗೊಮ್ಮೆ, ಚಾಚಿದಾಗೊಮ್ಮೆ.
ನೋವು ಈಚೆಗೆ ಬಂತು, ಲವ್. ಸದ್ದು ಮೊದಲಿಂದಲೂ ಇತ್ತು."

ಫಾರಮ್ಮಿನಲ್ಲಿ ಕೋಳಿಕಾಲು ಅಕ್ಷರ: ಎಡ ಮಂಡಿ, ಹೊರಮಗ್ಗುಲು.

ಹೊರಮಗ್ಗುಲನ್ನು ಬಲ್ಲೆ. ಹದಿನಾಲ್ಕು ವರ್ಷದಿಂದ
ಅದರ ಬೂದುಬಣ್ಣದ ಓಣಿಗಳಲ್ಲಿ ತಿರುಗಿದ್ದೇನೆ.
ಚಕ್ಕಳಮಕ್ಕಳ ಕೂತು ಬೆರಳಿಟ್ಟರೆ ಸಿಗುವ ಹುರಿಯೊಂದುಂಟು,
ತೊಡೆಮೂಳೆಯಿಂದ ಫಿಬುಲಾದ ನೆತ್ತಿಗೆ ಬಿಗಿದದ್ದು,
ಶ್ರುತಿಗಿಟ್ಟ ತಂತಿಯ ಹಾಗೆ.
ಅದರ ಒಳಗಿನಿಂದ ನುಸುಳುತ್ತದೆ ಪೊಪ್ಲಿಟಿಯಸ್;
ನಿಂತ ಕಾಲಿನ ಬೀಗ ತೆಗೆಯುವುದು ಅದರ ಕೆಲಸ.
ಅದು ಹಾದುಹೋಗುವ ಸಂದನ್ನು ಹರಿದದ್ದೆಂದು ಬರೆದು
ಬೈಸಿಕೊಂಡ ಎಳೆಯ ಡಾಕ್ಟರರನ್ನು ಕಂಡಿದ್ದೇನೆ,
ಹಿತ್ತಿಲ ಬಾಗಿಲನ್ನು ಕಳ್ಳನ ಕನ್ನ ಅಂದ ಹಾಗೆ.

ಮತ್ತೆ ಸಿಂಬೆ. ಹೊರಗಿನ ಮೆನಿಸ್ಕಸ್ಸಿಗೆ
ನನ್ನಷ್ಟಕ್ಕೆ ನಾನಿಟ್ಟುಕೊಂಡ ಹೆಸರು.
ಒಳಮಗ್ಗುಲಿನದು ಕುಡುಗೋಲು, ಬಾಯಿ ತೆರೆದದ್ದು.
ಹೊರಗಿನದು ಸುತ್ತಿಬಂದು
ತನ್ನ ತುದಿಯನ್ನು ತಾನೇ ಮುಟ್ಟುವಷ್ಟು ಸನಿಹ.
ಕೆಳಗಿನ ಮೂಳೆ ಅಲ್ಲಿ ನೆತ್ತಿಯಂತೆ ಉಬ್ಬು,
ಮೇಲಿನದು ಕೊಡದ ತಳ.
ಉಬ್ಬಿನ ಮೇಲೆ ಉರುಟು ನಿಲ್ಲಬೇಕಾದರೆ
ನಡುವೆ ಬಟ್ಟೆ ಸುತ್ತಿಡಬೇಕೆಂದು
ನೀರು ಹೊತ್ತವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕಾಲನ್ನು ಪ್ಲಾಸ್ಟಿಕ್ ಪಂಜರದಲ್ಲಿಟ್ಟು, ಸಂದಿಗೆ ಸ್ಪಂಜು ತುರುಕಿ,
ಅಲುಗಾಡಬೇಡ ಎಂದೆ.
ಯಂತ್ರ ಶುರುವಿಟ್ಟಿತು: ಡಗ ಡಗ ಡಗ, ಆಮೇಲೆ ಟಿಣ್ ಟಿಣ್ ಟಿಣ್.
ಗಾಜಿನಾಚೆ ಅವಳ ಬಲಗಾಲ ಹೆಬ್ಬೆರಳು
ತಾಳ ಹಾಕತೊಡಗಿತ್ತು. ಬಿಟ್ಟೆ. ಬೇಕಾದದ್ದು ಎಡಗಾಲು.

ನಾಲ್ಕು ಮಿಲಿಮೀಟರಿಗೊಂದು ಹೋಳು, ಹೊರಗಿನಿಂದ ಒಳಕ್ಕೆ.
ಸಿಂಬೆಯ ಅಂಚನ್ನು ಕೊಯ್ದಲ್ಲಿ ಬುಡುಬುಡಿಕೆ ಮೂಡುತ್ತದೆ:
ಎರಡು ಕೊನೆ ದಪ್ಪ, ನಡು ಸಣ್ಣ, ಇಡೀ ಕಪ್ಪು.
ಒಂದು ಹೋಳು, ಎರಡು. ಮೂರನೆಯದರಲ್ಲಿ
ನಡು ಕಡಿದು ಎರಡು ತ್ರಿಕೋನ ಬೇರೆಯಾಗಬೇಕು.
ಮೂರು: ಬುಡುಬುಡಿಕೆ.
ನಾಲ್ಕು: ಬುಡುಬುಡಿಕೆ.
ಐದರಲ್ಲೂ.
ನಡುವೆ ಖಾಲಿ ಬಿಡುವುದನ್ನು ಮರೆತಿತ್ತು ಈ ಸಿಂಬೆ,
ಹುಟ್ಟುವಾಗಲೇ ಪೂರಾ ರೊಟ್ಟಿ.
ಹಿಂದಂಚಿನಲ್ಲಿ ಕೂದಲೆಳೆಯಷ್ಟು ಬೆಳಕು, ನೀರು ಹೊಕ್ಕ ಗುರುತು.
ಕೊಡ ಪ್ರತಿ ಹೆಜ್ಜೆಗೂ
ಅದರ ದಂಡೆ ಹತ್ತಿ ಇಳಿಯುತ್ತಿದೆ.

ಬುಡುಬುಡಿಕೆಯವನಾಗಿದ್ದರೆ ನಸುಕಿಗೇ ಬಾಗಿಲಿಗೆ ಬಂದು
ನುಡಿದುಬಿಡುತ್ತಿದ್ದ. ನನಗೆ ಆ ಅಧಿಕಾರವಿಲ್ಲ.
"ಏನು ಕಂಡಿತು, ಲವ್?" ಡೋರೀನ್.
ಡಾಕ್ಟರು ನೋಡಿ ಬರೆಯುತ್ತಾರೆ, ಹತ್ತು ದಿನ ಆಗಬಹುದು.
ದಿನಕ್ಕೆ ಹದಿನೆಂಟು ಸಲ ಹೇಳುವ ಮಾತು, ಹೇಳಿದೆ.
ಕತ್ತರಿ ಹಾಕುವವರು ನಡುವನ್ನಷ್ಟೇ ತೆಗೆದು
ಅಂಚು ಉಳಿಸುತ್ತಾರೆ ಅನ್ನುವುದು
ಬಾಯಿ ತನಕ ಬಂದಿತ್ತು.

ನೆಲ್ ಕೇಳಿದ್ದು ಬೇರೆ. "ಸದ್ದು ಬಂತಾ ಫೋಟೋದಲ್ಲಿ?"
ಇಲ್ಲ ಎಂದೆ, ಅದು ಬರೋದಿಲ್ಲ.
"ಛೇ." ಕುರ್ಚಿಯಲ್ಲಿ ಕೂತು, ನನ್ನ ಕೈ ಎಳೆದು
ಮಂಡಿಯ ಹೊರಗಡೆ ಇಟ್ಟುಕೊಂಡು ಕಾಲು ಚಾಚಿದಳು.
ಅಂಗೈಯೊಳಗೆ ಏನೋ ಹೊರಳಿ ಹಾರಿತು,
ಮುಷ್ಟಿಯಲ್ಲಿ ಹಿಡಿದ ಕಪ್ಪೆಮರಿಯ ಹಾಗೆ.
"ಒಂದು, ಎರಡು, ಇದು ಮೂರು" ಅಂದಳು ಪಿಸುದನಿಯಲ್ಲಿ.
"ಮೂರನೇದನ್ನ ನಾನು ನೆಲಕ್ಕೆ ಹೊಡೆಯೋದೇ ಇಲ್ಲ.
ಟೀಚರಿಗೂ ಗೊತ್ತಾಗಿಲ್ಲ."

ಡೋರೀನ್ ಬಗ್ಗಿ ಕ್ಲಾಗಿನ ಕೊಕ್ಕೆ ಹಾಕುತ್ತಿದ್ದಳು, ಕೇಳಿಸಿಕೊಳ್ಳಲಿಲ್ಲ.
ಹೊರಗೆ ಮುಂದಿನವರು. ಭುಜ, ಬಲಗಡೆ.