ಕಡೀ ಸೀಟು

ಹತ್ತನೇತ್ತಾ ಮುಗೀತು. ಮಾರ್ಕ್ಸ್ ಕಾರ್ಡು
ಅವರವ್ವನ ಟ್ರಂಕಿನ್ಯಾಗ, ಸೀರಿ ಘಳಿಗಿ ನಡುವ.
ಫಕ್ಕೀರೇಶ ಹಡಪದಗ ಉಳದದ್ದು ಒಂದ ಪಾಠ:
ಟೋಲನಾಕಾದಿಂದ ಉಣಕಲ್ ಕ್ರಾಸು,
ಒಬ್ಬಾವನ, ಚಿಗರಿ ಬಸ್ಸಿನ್ಯಾಗ.

ಅಲ್ಲೊಂದು ಬೈಂಡಿಂಗ್ ಅಂಗಡಿ. ಸೋಮವಾರದಿಂದ ಕೆಲಸ.
ಹಾಳಿ ಮಡಚೂದು, ಅಂಟು ಸವರೂದು, ಹತ್ತತ್ತರ ಕಟ್ಟು.
ಇಪ್ಪತ್ತರ ಮ್ಯಾಲ ಲೆಕ್ಕ ಅವಗ ಮಬ್ಬಮಬ್ಬು.
"ಹತ್ತು ಬಂದ್ರ ಸಾಕ್ರೀ ಅಕ್ಕೋರ" ಅಂದಿದ್ರು ಮಾಲಕರು,
ತಲಿ ಎತ್ತದ, ಸೂಜಿಗೆ ದಾರ ಪೋಣಸಕೋತ.

ಮೊದಲನೇ ವಾರ ಬಾಜೂಕ ಕುಂತೆ.
ಎರಡನೇ ವಾರ ಎರಡು ಸೀಟು ಹಿಂದ.
ಇವತ್ತ ಕಡೀ ಸೀಟಿಗೆ, ಪೇಪರ್ ಅಡ್ಡ ಹಿಡದು,
ಗುರುತಿಲ್ಲದಾಕಿ ಹಂಗ.
ಒಮ್ಮೆ ತಿರುಗಿ ನಕ್ಕ.
ಮಾರಿ ಗಂಟ ಹಾಕಿದೆ. ಅದೂ ಪಾಠದಾಗ ಬರತಿತ್ತು.

ನವಲೂರು ದಾಟಿದ ಮ್ಯಾಲ
ಬಸ್ಸಿನ ದನಿ ಒಂದು ಸ್ಟಾಪು ಹಿಂದ ಬಿತ್ತು.
ರಾಯಾಪುರದಾಗ ನವಲೂರು ಅಂತು,
ಕೆರಿ ಬಂದಾಗ ಭೈರಿದೇವರಕೊಪ್ಪ.
ಮಂದಿ ಗೊಣಗಿ, ಮತ್ತ ಮೊಬೈಲಿಗೆ ಬಗ್ಗಿದ್ರು.
ನಾನೂ ಅವನ ಹೆಗಲ ನೋಡಕೋತ, ಕಿವಿ ಮಾತ್ರ ನಂಬಿದ್ದೆ.

"ಉಣಕಲ್" ಅಂತು ದನಿ. ಅವ ಎದ್ದ.
ಏ, ಕುಂದರೋ, ಇನ್ನೊಂದೈತಿ—
ನಾಲಿಗಿ ತುದಿತನಕ ಬಂದ ಮಾತು
ಹಲ್ಲಿಗೆ ಸಿಕ್ಕೊಂಡು ನಿಂತು.
ಬಾಗಿಲ ತೆರೀತು. ಇಳದ.
ನೀಲಿ ತಗಡಿನ ಅಂಗಡಿ, ಸೊಟ್ಟ ಕಂಬ,
ಅದರ ಬುಡಕ ಮಲಗೂ ಕುಂಟ ನಾಯಿ:
ಅವನವ ಗುರುತು, ನಾ ಕಲಿಸಿದ್ದಲ್ಲ.

ಬಾಗಿಲ ಮುಚ್ಚಿತು. ಗಾಜಿನಾಚೆ
ಬುತ್ತಿಚೀಲ ಹೊಯ್ದಾಡಕೋತ ಹೊಂಟಿತ್ತು,
ಈ ಸಲ ತಿರುಗಲಿಲ್ಲ.

ಬಸ್ಸು ನನ್ನ ಹೊತಗೊಂಡು ನಡೀತು.
ಪಕ್ಕದ ಕಾಲೇಜು ಹುಡುಗನ್ನ ಕೇಳಿದೆ:
"ತಮ್ಮಾ, ಈಗ ಬರೂದು ಯಾವ ಸ್ಟಾಪೋ?"