ಮೂರೇಟು

ಮೂರೇ ಗುಂಡಿ ಇದ್ದವು ಪರದೆಯ ಮೇಲೆ:
ಸದ್ದು. ಕಂಪನ. ಸುಮ್ಮನೆ ಒಂದು ಚುಕ್ಕಿ.
ಯಾವುದನ್ನು ಮೊದಲೇ ಒತ್ತಿಟ್ಟು ಕೊಡಬೇಕು
ಎಂಬುದಷ್ಟೇ ನನ್ನ ಪಾಲಿನ ಕೆಲಸ,
ಅರಸೀಕೆರೆ ನಗರಸಭೆಯ ಹಿಂಬದಿಯ ಕೋಣೆಯಲ್ಲಿ,
ಇಲಿ ಕಡಿದ ಕಂದಾಯದ ಪುಸ್ತಕಗಳ ಮಗ್ಗುಲಲ್ಲಿ.
'ಸಂಜೆಯೊಳಗೆ ಮುಗಿಸು ಮುಬೀನಾ' ಅಂದಿದ್ದರು ಸಾಹೇಬರು,
'ನೀರು ಬಂತು ಅನ್ನೋದಕ್ಕೆ ಎಷ್ಟು ಹೊತ್ತು?'

ನೀರು ಬರುವುದು ಎಂಟು ದಿನಕ್ಕೊಮ್ಮೆ.
ಬಂದರೆ ನಡುರಾತ್ರಿ,
ಬಾರದಿದ್ದರೆ ಹಗಲೆಲ್ಲ.

ಬೀದಿ ಬೀದಿ ಕೇಳಿಕೊಂಡು ಬಂದೆ.
ರೈಲ್ವೆ ಕಾಲೊನಿಯ ಶೇಷಗಿರಿ, ರಾತ್ರಿ ಪಾಳಿಯ ಪಾಯಿಂಟ್ಸ್‌ಮನ್:
'ಹಗಲು ಮಾತ್ರ ಕೂಗಿಸಬೇಡಮ್ಮ, ಕೈ ಮುಗೀತೀನಿ.'
ಅದೇ ಗೋಡೆಯ ಆಚೆ ಬದಿಯಿಂದ: 'ಜೋರಾಗೇ ಇಡಿ,
ಮಿಕ್ಸಿ ಓಡ್ತಿದ್ರೂ ಕೇಳಬೇಕು.'
ಚನ್ನಬಸಮ್ಮನವರಿಗೆ ಎರಡು ಕಿವಿಯೂ ದೂರ;
ಫೋನನ್ನು ದಿಂಬಿನಡಿ ಇಟ್ಟು ಮಲಗುತ್ತಾರೆ,
'ಮಂಚವೇ ಅದುರಲಿ' ಅಂದರು.
ನಾಲ್ಕು ತಿಂಗಳ ಕೂಸಿನ ತಾಯಿ ಮಾತೇ ಆಡಲಿಲ್ಲ,
ತುಟಿಗೆ ಬೆರಳಿಟ್ಟು ಬಾಗಿಲು ಮುಂದೆ ಮಾಡಿದಳು.
ಅದನ್ನೂ ಬರೆದುಕೊಂಡೆ: ಚುಕ್ಕಿಗೆ, ಒಂದು ಮತ.

ಮನೆಗೆಲ್ಲ ಒಂದೇ ಫೋನಿರುವ ಕಡೆ
ಅದು ಗಂಡನ ಜೇಬಿನಲ್ಲಿ ತಿಪಟೂರಿಗೆ ಹೋಗಿರುತ್ತದೆ.
ಮಂಡಿಯಲ್ಲಿ, ಕೊಬ್ಬರಿ ಮೂಟೆಗಳ ನಡುವೆ,
ನೀರು ನೀರು ಎಂದು ಹೊಡೆದುಕೊಳ್ಳುತ್ತದೆ.
ಇದಕ್ಕೆ ನನ್ನ ಬಳಿ ಗುಂಡಿ ಇಲ್ಲ.

ಅಧ್ಯಕ್ಷರದು ಬೇರೆಯೇ ಆಸೆ.
'ನನ್ನ ದನಿಯಲ್ಲೇ ಇರಲಿ' ಎಂದು ಗಂಟಲು ಸರಿಮಾಡಿ
'ಪ್ರಿಯ ನಾಗರಿಕ ಬಂಧುಗಳೇ' ಎಂದು ಹಿಡಿದರು.
ಒಂದು ನಿಮಿಷ, ಹನ್ನೆರಡು ಸೆಕೆಂಡು.
ನೀರಿನ ಮಾತು ಕೊನೆಯ ನಾಲ್ಕರಲ್ಲಿತ್ತು.

ಮೈಲಾರಯ್ಯನವರನ್ನು ಕೊನೆಗೆ ಕೇಳಿದೆ.
ಮೊದಲು ಕೇಳಬೇಕಿತ್ತು.
ಇಪ್ಪತ್ತಾರು ವರ್ಷ ವಾಲ್ವು ತಿರುಗಿಸಿದ ಕೈ,
ಹೆಬ್ಬೆರಳ ಬುಡ ಬಾಣಲೆಯ ತಳದ ಹಾಗೆ.
'ನಾವು ಪಾನದಲ್ಲಿ ಪೈಪಿಗೆ ಮೂರೇಟು ಹಾಕ್ತಿದ್ವಿ.
ಎದ್ದಿರೋರಿಗೆ ಕೇಳ್ತಿತ್ತು. ಅವರು
ಪಕ್ಕದ ಬಾಗಿಲು ಬಡೀತಿದ್ರು, ಜಗಳ ಇದ್ರೂವೆ.'
ಬೀಡಿ ಆರಿತ್ತು, ಮತ್ತೆ ಹಚ್ಚಿದರು.
'ನೀನು ಎಲ್ಲರಿಗೂ ಒಂದೇ ಸಲ ಹೇಳ್ತೀಯ ತಾನೆ?
ನಾನು ತಿರುಗಿಸಿದ್ದು ಮೂರಕ್ಕೆ ಅನ್ನು.
ತಗ್ಗಿನ ಬೀದಿಗೆ ಮೂರೂ ಐದಕ್ಕೆ.
ದಿಣ್ಣೆ ಬೀದಿಗೆ ಮೂರೂ ಮುಕ್ಕಾಲು, ಅದೂ
ಕೆಳಗಿನೋರು ಮೋಟರು ಹಚ್ಚದಿದ್ರೆ.
ಅಲ್ಲೀತನಕ ಬಿಂದಿಗೆ ಹಿಡಿದು ನಿಂತಿರ್ತಾರೆ,
ನಿನ್ನ ಮಾತು ನಂಬಿ.'
ದಿಣ್ಣೆಯ ತುದಿಯ ಮನೆ ಅವರದೇ.
ಅದನ್ನವರು ಹೇಳಲಿಲ್ಲ, ನಲ್ಲಿ ತೆರಿಗೆಯ ಪಟ್ಟಿಯಲ್ಲಿತ್ತು.

ಸಂಜೆಯೊಳಗೆ ಮುಗಿಯಲಿಲ್ಲ.
ಊರನ್ನು ಹನ್ನೊಂದು ತುಂಡು ಮಾಡಿ
ತುಂಡಿಗೊಂದು ತಡ ಇಟ್ಟೆ.
ಸದ್ದಿಗೆ ಅವರನ್ನೇ ವಾಲ್ವಿನ ಗುಂಡಿಗೆ ಕರೆದೊಯ್ದು
ಪಾನದ ಏಟು ಹಿಡಿದುಕೊಂಡೆ:
ಎರಡು ಹತ್ತಿರ ಹತ್ತಿರ, ಮೂರನೆಯದು ಸ್ವಲ್ಪ ಯೋಚಿಸಿ.
ಹಿನ್ನೆಲೆಯಲ್ಲಿ ಒಂದು ಕೆಮ್ಮೂ ಸೇರಿತು.
ತೆಗೆಯಬಹುದಿತ್ತು. ತೆಗೆಯಲಿಲ್ಲ.
ಒಮ್ಮೆ ಬಡಿದು ಸುಮ್ಮನಾಗಬೇಕು, ಮತ್ತೆ ಮತ್ತೆ ಬೇಡ;
ಉಳಿದದ್ದು ಅವರವರ ಬೆರಳಿಗೆ.

ಮೊದಲ ಸಲ ಬಿಟ್ಟ ರಾತ್ರಿ ಮೈಲಾರಯ್ಯನವರಿಗೆ ಜ್ವರ,
ವಾಲ್ವು ತಿರುಗಿಸಿದ್ದು ತಂಗಿಯ ಮಗ.
ಮೂರೂ ಮುಕ್ಕಾಲಿಗೆ ತಲೆಯ ಹತ್ತಿರ ಮೂರೇಟು ಬಿತ್ತಂತೆ.
ಧಡಕ್ಕನೆ ಎದ್ದು ಕೂತು
ಹೆಂಡತಿಯನ್ನು ಕೇಳಿದರಂತೆ:
'ನಾನಿಲ್ಲಿದ್ದೀನಲ್ಲೇ, ಅಲ್ಲಿ ಬಡೀತಿರೋದು ಯಾರು?'

ಕಂಬಳಿ ಹೊದ್ದೇ ಅಂಗಳಕ್ಕೆ ಬಂದು
ನಲ್ಲಿಗೆ ಬಿಂದಿಗೆ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಾರೆ.
ಬುಸ್ಸೆಂದು ಬರೀ ಗಾಳಿ.

ಬೆಳಿಗ್ಗೆ ಆ ಮನೆಯಿಂದ ನನ್ನ ಫೋನಿಗೆ
ಒಂದೇ ಸಾಲು: 'ಆರು ನಿಮಿಷ ಮುಂಚೆ ಬಡಿದೆ ಮಗಳೇ.'
ದಿಣ್ಣೆ ಬೀದಿಯ ಮುಂದೆ ನಲವತ್ತೈದು ಅಳಿಸಿ
ಐವತ್ತೊಂದು ಎಂದು ಬರೆದೆ.